ಹಾಸಿಗೆ ಇದ್ದಷ್ಟು ಹಳಿ ಚಾಚು: ಒಂದೂವರೆ ಮೀಟರ್ ಹಲಗೆಯ ಮೇಲೆ ರೈಲು

ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಈಗ ಅದರ ಮಾದರಿಯನ್ನ ಮನೆಯಲ್ಲಿ ಕಟ್ಟಬೇಕು ಅಂದುಕೊಳ್ಳಿ. 87 ಪಟ್ಟು ಚಿಕ್ಕದು ಮಾಡಿದರೆ 17.3 ಮೀಟರ್. 160 ಪಟ್ಟು ಚಿಕ್ಕದು ಮಾಡಿದರೂ 9.4 ಮೀಟರ್. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದನ್ನ ಶುರು ಮಾಡಿದರೆ ಪ್ಲಾಟ್‌ಫಾರ್ಮ್ ಹಾಲ್ ದಾಟಿ, ಬಾಲ್ಕನಿ ದಾಟಿ, ಪಕ್ಕದ ಮನೆಯವರ ಊಟದ ಮೇಜಿನ ಹತ್ತಿರ ಮುಗಿಯುತ್ತೆ.

ಈ ಲೆಕ್ಕ ಯಾಕೆ ಬಂತು ಅಂದರೆ, ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಇರುವ ಕೇಳುಗರೊಬ್ಬರು ನಮಗೆ ಬರೆದಿದ್ದಾರೆ. ಅವರ ತಂದೆ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತರಾದವರು. ತಾಯಿ ತೀರಿಕೊಂಡ ಮೇಲೆ ಮೊದಲ ಸಲ ಮಗನ ಮನೆಗೆ ಬರ್ತಿದ್ದಾರೆ, 90 ದಿನದ ವೀಸಾ. ಹೊರಗೆ ಚಳಿ, ಭಾಷೆ ಬರಲ್ಲ, ಮಗ ಸೊಸೆ ಇಬ್ಬರಿಗೂ ಕೆಲಸ. ಸಂಜೆ ಹೊತ್ತು ಅಪ್ಪನ ಜೊತೆ ಕೂತು ಏನಾದರೂ ಕೈಕೆಲಸ ಮಾಡಬೇಕು, ಅದು ರೈಲೇ ಆಗಬೇಕು ಅನ್ನೋದು ಅವರ ಆಸೆ. ಜಾಗ ಎಷ್ಟಿದೆ ಅಂದರೆ ಪುಸ್ತಕದ ಕಪಾಟಿನ ನೆತ್ತಿಯ ಮೇಲೆ 150 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಇಷ್ಟರಲ್ಲಿ ಏನಾಗುತ್ತೆ ಅಂತ ಕೇಳಿದ್ದಾರೆ. ಆಗುತ್ತೆ. ಆದರೆ ಮೊದಲು ಏನು ಆಗಲ್ಲ ಅಂತ ನೋಡೋಣ, ಯಾಕಂದರೆ ಮಜಾ ಇರುವ ಗಣಿತ ಅಲ್ಲೇ ಇದೆ.

ಅಳತೆಯಿಂದ ಶುರು ಮಾಡೋಣ. ಹೆಚ್ಚು ಮಾರಾಟವಾಗುವ ಮಾದರಿ ಎಚ್‌ಒ, ಅಂದರೆ 87ರಲ್ಲಿ 1. ಜರ್ಮನಿಯಲ್ಲಿ ಇದನ್ನ 'ಹಾ ನುಲ್' ಅಂತಾರೆ, ಅಂದರೆ ಅರ್ಧ ಸೊನ್ನೆ: ಮೊದಲಿದ್ದ ಸೊನ್ನೆ ಅಳತೆಯ ಸುಮಾರು ಅರ್ಧ. ಅದಕ್ಕಿಂತ ಚಿಕ್ಕದು ಎನ್, 160ರಲ್ಲಿ 1. ಇನ್ನೂ ಚಿಕ್ಕದು ಬೇಕಾದರೆ ಸ್ಟುಟ್‌ಗಾರ್ಟ್ ಪಕ್ಕದ ಗೋಪಿಂಗನ್‌ನ ಮಾರ್ಕ್‌ಲಿನ್ ಕಂಪನಿ 1972ರಲ್ಲಿ ತಂದ ಝಡ್, 220ರಲ್ಲಿ 1. ಜಾಗ ಕಡಿಮೆ ಅಂತ ಎಲ್ಲರೂ ಝಡ್ ಕಡೆ ಓಡ್ತಾರೆ. ನಮ್ಮ ಅಭಿಪ್ರಾಯ, ಎಪ್ಪತ್ತರ ಹತ್ತಿರದ ಕಣ್ಣು ಕೈಗಳಿಗೆ ಆರೂವರೆ ಮಿಲಿಮೀಟರ್ ಹಳಿಯ ಮೇಲೆ ಗಾಲಿ ಕೂರಿಸುವ ಶಿಕ್ಷೆ ಬೇಡ.

ಇಲ್ಲಿ ಒಂದು ಸಣ್ಣ ತೊಡಕು ಇದೆ. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಯುರೋಪಿನ 1435 ಮಿಲಿಮೀಟರ್ ಹಳಿಯನ್ನ 87ರಿಂದ ಭಾಗಿಸಿ, ಸರಿಯಾಗಿ 16.5 ಬರುತ್ತೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್; ಅದನ್ನ ಭಾಗಿಸಿದರೆ 19.3. ಹಾಗಾಗಿ ಭಾರತದ ಇಂಜಿನ್‌ಗಳ ಮಾದರಿಯನ್ನ ಅಂಗಡಿಯ ಹಳಿಯ ಮೇಲೆ ಇಟ್ಟರೆ ದೊಡ್ಡ ಮೈಗೆ ಚಿಕ್ಕ ಚಪ್ಪಲಿ ಹಾಕಿದ ಹಾಗೆ ಕಾಣುತ್ತೆ. ಹಳೇ ಮೀಟರ್‌ಗೇಜ್ ಪ್ರಿಯರಿಗೆ ಮಾತ್ರ ಅದೃಷ್ಟ. ಸ್ವಿಸ್ ಬೆಟ್ಟದ ರೈಲುಗಳಿಗಾಗಿ 12 ಮಿಲಿಮೀಟರ್ ಹಳಿ ಸಿಗುತ್ತೆ, ಲೆಕ್ಕಕ್ಕೆ ಬೇಕಾದ್ದು 11.5. ಅರ್ಧ ಮಿಲಿಮೀಟರ್ ಯಾರ ಕಣ್ಣಿಗೂ ಬೀಳಲ್ಲ.

ಸರಿ, ಈಗ ತಿರುವು. ಮಕ್ಕಳ ಸೆಟ್‌ನಲ್ಲಿ ಬರುವ ಅಂಡಾಕಾರದ ಹಳಿ ನೆನಪಿಸಿಕೊಳ್ಳಿ. ಎಚ್‌ಒನಲ್ಲಿ ಅದರ ಅತಿ ಚಿಕ್ಕ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 360 ಮಿಲಿಮೀಟರ್. ಅಂದರೆ ವೃತ್ತಕ್ಕೇ 72 ಸೆಂಟಿಮೀಟರ್ ಬೇಕು, ಅಂಚು ಬೇರೆ. 30 ಸೆಂಟಿಮೀಟರ್ ಹಲಗೆಯ ಮೇಲೆ ಇದರ ಮಾತೇ ಇಲ್ಲ. ಆದರೆ ಜಾಗ ಇದ್ದವರೂ ಇಲ್ಲಿ ಸ್ವಲ್ಪ ನಿಲ್ಲಬೇಕು. ಈ 360 ಮಿಲಿಮೀಟರನ್ನ ನಿಜವಾದ ಅಳತೆಗೆ ಹಿಗ್ಗಿಸಿದರೆ ಬರೋದು ಬರೀ 31 ಮೀಟರ್. ಭಾರತದ ಬ್ರಾಡ್‌ಗೇಜ್‌ನಲ್ಲಿ ಅನುಮತಿ ಇರುವ ಅತಿ ಕಡಿದಾದ ತಿರುವು 10 ಡಿಗ್ರಿಯದ್ದು, ಅದರ ತ್ರಿಜ್ಯ 175 ಮೀಟರ್. ನಾವು ಆಟದ ಹಳಿಯಲ್ಲಿ ಅದರ ಐದನೇ ಒಂದು ಭಾಗಕ್ಕಿಂತ ಬಿಗಿಯಾಗಿ ತಿರುಗಿಸ್ತಾ ಇದ್ದೀವಿ!

ಇದರ ಪರಿಣಾಮ ಲೆಕ್ಕ ಹಾಕಬಹುದು. ಬೋಗಿ ನೇರ, ಹಳಿ ಬಾಗಿದ್ದು. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ, ಬೋಗಿಯ ನಡುಭಾಗ ತಿರುವಿನ ಒಳಗಡೆಗೆ ಜರುಗುತ್ತೆ. ಎಷ್ಟು ಜರುಗುತ್ತೆ? ಮುಂದಿನ ಮತ್ತು ಹಿಂದಿನ ಗಾಲಿಗುಂಪುಗಳ ನಡುವಿನ ದೂರದ ವರ್ಗವನ್ನ, ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಹಳಿ ನಿರ್ವಹಣೆಯವರು ಇದೇ ಲೆಕ್ಕವನ್ನ ದಿನನಿತ್ಯ ಬಳಸ್ತಾರೆ: ತಿರುವಿನಲ್ಲಿ 20 ಮೀಟರ್ ದಾರ ಎಳೆದು ಹಿಡಿದು, ದಾರದ ನಡುವಿನಿಂದ ಹಳಿಗೆ ಎಷ್ಟು ಅಂತರ ಅಂತ ಅಳೆದು, ಅದರಿಂದ ತಿರುವು ಸರಿಯಿದೆಯೇ ಅಂತ ಹೇಳ್ತಾರೆ. ಅದಕ್ಕೆ ವರ್ಸೈನ್ ಅಂತ ಹೆಸರು.

ಜರ್ಮನಿಯ ಉದ್ದನೆಯ ಎಕ್ಸ್‌ಪ್ರೆಸ್ ಬೋಗಿ 26.4 ಮೀಟರ್, ಅದರ ಗಾಲಿಗುಂಪುಗಳ ನಡುವೆ 19 ಮೀಟರ್. ಎಚ್‌ಒನಲ್ಲಿ ಆ 19 ಮೀಟರ್ 218 ಮಿಲಿಮೀಟರ್ ಆಗುತ್ತೆ. ಲೆಕ್ಕ ಹಾಕಿದರೆ ನಡುಭಾಗ 16.5 ಮಿಲಿಮೀಟರ್ ಒಳಕ್ಕೆ ಬರುತ್ತೆ, ಇಡೀ ಹಳಿಯ ಅಗಲದಷ್ಟು. ಬೋಗಿಯ ತುದಿಗಳೂ ಹೆಚ್ಚುಕಮ್ಮಿ ಅಷ್ಟೇ ಹೊರಕ್ಕೆ ಚಾಚ್ತವೆ. ಪಕ್ಕದ ಹಳಿಯ ರೈಲಿಗೆ ಉಜ್ಜೋದು, ಸುರಂಗದ ಬಾಯಿಗೆ ತಗಲೋದು, ಕೊಂಡಿ ಎಳೆದು ಹಳಿ ತಪ್ಪೋದು ಎಲ್ಲಾ ಇದರಿಂದಲೇ. ಈಗ ಅದೇ ತಿರುವಿನ ಮೇಲೆ ಹಳ್ಳಿ ಮಾರ್ಗಗಳಲ್ಲಿ ಓಡ್ತಿದ್ದ ಕೆಂಪು ರೈಲ್‌ಬಸ್ ಇಡಿ. ಎರಡೇ ಆಕ್ಸಲ್, ನಡುವೆ 6 ಮೀಟರ್, ಮಾದರಿಯಲ್ಲಿ 69 ಮಿಲಿಮೀಟರ್. ಜರುಗೋದು 1.65 ಮಿಲಿಮೀಟರ್. ಹತ್ತನೇ ಒಂದು ಭಾಗ! ವರ್ಗದ ಮಹಿಮೆ ಇದು. ದೂರ ಮೂರನೇ ಒಂದಕ್ಕಿಂತ ತುಸು ಕಡಿಮೆಯಾದರೆ ತೊಂದರೆ ಹತ್ತನೇ ಒಂದಕ್ಕೆ ಇಳಿಯುತ್ತೆ. ಜಾಗ ಹಿಗ್ಗಿಸೋಕೆ ಆಗಲ್ಲ ಅಂದರೆ ಗಾಡಿ ಕುಗ್ಗಿಸಿ. ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಲಿ ಅನ್ನೋದು ಹವ್ಯಾಸಿಗಳ ರೂಢಿ ಮಾತು. ಹಾಗೇ, ಎಡಕ್ಕೆ ತಿರುಗಿದ ಹಳಿಯನ್ನ ತಕ್ಷಣ ಬಲಕ್ಕೆ ತಿರುಗಿಸಬೇಡಿ, ನಡುವೆ ಒಂದು ಬೋಗಿಯಷ್ಟು ನೇರ ಹಳಿ ಇರಲಿ.

ಏರು ಹಾಕಿ ಒಂದು ಹಳಿಯ ಮೇಲೆ ಇನ್ನೊಂದು ದಾಟಿಸೋಣ ಅಂತ ಕೆಲವರು ಹೇಳ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟ್‌ನ ಇಳಿಜಾರು 50ಕ್ಕೆ 1. ಎಚ್‌ಒನಲ್ಲಿ ಕೆಳಗಿನ ರೈಲು ನುಸುಳೋಕೆ ಸುಮಾರು 75 ಮಿಲಿಮೀಟರ್ ಎತ್ತರ ಬೇಕು. 50ರಿಂದ ಗುಣಿಸಿ: ಹತ್ತೋಕೆ 3.75 ಮೀಟರ್, ಇಳಿಯೋಕೆ ಇನ್ನೊಂದು 3.75. ನಮ್ಮ ಹಲಗೆಗೆ ಈ ವಿಚಾರ ಇಲ್ಲಿಗೇ ಮುಗೀತು.

ದೊಡ್ಡ ಮೇಜಿನ ಕನಸು ಇರುವವರಿಗೆ ಒಂದು ಮಾತು. ಅಮೆರಿಕದ ಕೇಳುಗರು ಅಂಗಡಿಯಿಂದ 4 ಅಡಿ 8 ಅಡಿ ಪ್ಲೈವುಡ್ ತಂದು ಅದರ ಮೇಲೇ ಶುರು ಮಾಡ್ತಾರೆ. ಆದರೆ ಕೈ ಚಾಚಿದರೆ ಎಟುಕೋದು 75 ಸೆಂಟಿಮೀಟರ್ ಹತ್ತಿರ. ಹಲಗೆಯ ಅಗಲ 122. ಹಾಗಾಗಿ ಎರಡೂ ಉದ್ದ ಬದಿಯಲ್ಲಿ, ಒಂದು ತುದಿಯಲ್ಲಿ ಓಡಾಡೋಕೆ ತಲಾ 60 ಸೆಂಟಿಮೀಟರ್ ಬಿಡಬೇಕು. ಒಟ್ಟು ಸುಮಾರು 8 ಅಡಿ 10 ಅಡಿ, ಇಡೀ ಕೋಣೆ ಹೋಯ್ತು. ಇಷ್ಟಾಗಿ ಸಿಗೋದು 6 ಮೀಟರ್‌ನ ಒಂದು ಸುತ್ತು. ಅದೇ ಕೋಣೆಯ ಗೋಡೆ ಹಿಡಿದು 30 ಸೆಂಟಿಮೀಟರ್ ಹಲಗೆ ಸುತ್ತಿಸಿ, ಬಾಗಿಲ ಹತ್ತಿರ ಎತ್ತಿಡುವ ತುಂಡು ಮಾಡಿಕೊಂಡರೆ ಸುಮಾರು 9 ಮೀಟರ್ ಸಿಗುತ್ತೆ, ನಡುವೆ ಕೂರೋಕೆ ಜಾಗವೂ ಉಳಿಯುತ್ತೆ.

ಈಗ ಆ ಒಂದೂವರೆ ಮೀಟರ್‌ಗೆ ಬರೋಣ. ಸುತ್ತು ಹೊಡೆಯುವ ರೈಲನ್ನ ಮರೆತುಬಿಡಿ. ಮೂರು ಸುತ್ತು ನೋಡಿದ ಮೇಲೆ ಯಾರಿಗಾದರೂ ಬೇಜಾರಾಗುತ್ತೆ. ಬ್ರಿಟನ್ನಿನ ಅಲನ್ ರೈಟ್ ಅನ್ನುವವರು ರೂಪಿಸಿದ 'ಇಂಗಲ್‌ನುಕ್ ಸೈಡಿಂಗ್ಸ್' ಅನ್ನುವ ವಿನ್ಯಾಸ ಇದೆ. ಬೇಕಾದ್ದು ಎರಡು ಪಾಯಿಂಟ್ಸ್, ಮೂರು ಸೈಡಿಂಗ್, ಒಂದು ಶಂಟಿಂಗ್ ನೆಕ್, ಎಂಟು ವ್ಯಾಗನ್, ಒಂದು ಪುಟ್ಟ ಇಂಜಿನ್. ಉದ್ದ ಸೈಡಿಂಗ್‌ನಲ್ಲಿ ಐದು ವ್ಯಾಗನ್ ಹಿಡಿಸುತ್ತೆ, ಉಳಿದೆರಡರಲ್ಲಿ ತಲಾ ಮೂರು. ನೆಕ್‌ನಲ್ಲಿ ಇಂಜಿನ್ ಜೊತೆ ಮೂರೇ ವ್ಯಾಗನ್. ಎಂಟು ಚೀಟಿ ಮಡಚಿ ಹಾಕಿ, ಐದು ಎತ್ತಿ. ಚೀಟಿ ಬಂದ ಕ್ರಮದಲ್ಲೇ ಐದು ವ್ಯಾಗನ್ ಜೋಡಿಸಿ ಉದ್ದ ಸೈಡಿಂಗ್‌ನಲ್ಲಿ ನಿಲ್ಲಿಸಬೇಕು. ಅಷ್ಟೇ ಆಟ.

ಸುಲಭ ಅನ್ನಿಸಿತಾ? ಪ್ರತಿ ಸೈಡಿಂಗೂ ಅಡುಗೆಮನೆಯ ತಟ್ಟೆ ರಾಶಿ ಇದ್ದ ಹಾಗೆ. ಕೊನೆಗೆ ಇಟ್ಟಿದ್ದು ಮೊದಲು ಬರುತ್ತೆ, ಅಡಿಯದು ಬೇಕಾದರೆ ಮೇಲಿನದನ್ನೆಲ್ಲ ಎತ್ತಿಡಬೇಕು. ನಮ್ಮ ಕೇಳುಗರಲ್ಲಿ ಅರ್ಧ ಜನ ಸಾಫ್ಟ್‌ವೇರ್‌ನವರು, ಸ್ಟ್ಯಾಕ್ ಅಂದರೆ ಸಾಕು. ಮೂರು ಸೈಡಿಂಗ್‌ನಲ್ಲಿ ಒಟ್ಟು 11 ಜಾಗ, ಎಂಟು ವ್ಯಾಗನ್, ಖಾಲಿ ಇರೋದು ಮೂರೇ. ಎಂಟರಲ್ಲಿ ಐದನ್ನ ಕ್ರಮವಾಗಿ ಆರಿಸೋದು ಎಷ್ಟು ರೀತಿ? 8 ಗುಣಿಸು 7, 6, 5, 4, ಒಟ್ಟು 6720. ದಿನಕ್ಕೊಂದು ರೈಲು ಕಟ್ಟಿದರೂ 18 ವರ್ಷಕ್ಕೂ ಮೇಲೆ ಬೇಕು. ನಿವೃತ್ತ ಪಾಯಿಂಟ್ಸ್‌ಮನ್‌ಗೆ ಇದನ್ನ ಕಲಿಸಬೇಕಾಗಿಲ್ಲ. ಬಹುಶಃ ಮಗನಿಗೇ ಅವರು, 'ಅದನ್ನ ಮೊದಲು ಎಳೀಬೇಡ ಕಣೋ, ಹಿಂದಿನದು ಸಿಕ್ಕಿಹಾಕಿಕೊಳ್ಳುತ್ತೆ' ಅಂತ ಹೇಳಿಕೊಡ್ತಾರೆ.

ಉದ್ದ ಹಿಡಿಸುತ್ತಾ ನೋಡೋಣ. 10 ಮೀಟರ್‌ನ ಎರಡು ಆಕ್ಸಲ್ ವ್ಯಾಗನ್ ಎಚ್‌ಒನಲ್ಲಿ 11.5 ಸೆಂಟಿಮೀಟರ್. ನೆಕ್‌ಗೆ ಮೂರು ವ್ಯಾಗನ್, 12 ಸೆಂಟಿಮೀಟರ್ ಇಂಜಿನ್: 46.5. ಮೊದಲ ಪಾಯಿಂಟ್ಸ್‌ಗೆ 22. ಆಮೇಲೆ ಬಹಳ ಜನ ಮರೆಯುವ ಅಳತೆ: ಕವಲೊಡೆದ ಎರಡು ಹಳಿಗಳು ಒಂದರ ಗಾಡಿ ಇನ್ನೊಂದಕ್ಕೆ ತಾಗದಷ್ಟು ದೂರ ಸರಿಯೋವರೆಗೆ ವ್ಯಾಗನ್ ನಿಲ್ಲಿಸುವಂತಿಲ್ಲ. ರೈಲ್ವೆಯವರು ಅಲ್ಲಿ ಫೌಲಿಂಗ್ ಮಾರ್ಕ್ ಹಾಕ್ತಾರೆ. 12 ಡಿಗ್ರಿ ಕವಲಿಗೆ ಪಾಯಿಂಟ್ಸ್ ಮುಗಿದ ಮೇಲೂ ಸುಮಾರು 10 ಸೆಂಟಿಮೀಟರ್ ಹೀಗೆ ಹೋಗುತ್ತೆ. ನಂತರ ಐದು ವ್ಯಾಗನ್‌ಗೆ 57.5. ಕೂಡಿಸಿದರೆ 136. ಇನ್ನೊಂದು ಕವಲಿನಲ್ಲಿ ಎರಡನೇ ಪಾಯಿಂಟ್ಸ್ 22, ಫೌಲಿಂಗ್‌ಗೆ 10, ಮೂರು ವ್ಯಾಗನ್‌ಗೆ 34.5, ಅಲ್ಲೂ 135. ಎರಡು ತುದಿಗೂ ಬಫರ್ ಹಾಕೋಕೆ 14 ಸೆಂಟಿಮೀಟರ್ ಮಿಕ್ಕಿತು.

ಹಳಿ ಕೊಳ್ಳೋಕೆ ಮುಂಚೆ ಒಂದು ಕೆಲಸ ಮಾಡಿ. ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ತಂತ್ರಾಂಶಗಳಿವೆ, ಆದರೆ ಪರದೆಯ ಮೇಲೆ ಎಲ್ಲವೂ ಹಿಡಿಸಿದ ಹಾಗೇ ಕಾಣುತ್ತೆ. ಉದ್ದನೆಯ ಕಂದು ಕಾಗದ ತಂದು, ನಿಜವಾದ ಅಳತೆಯಲ್ಲೇ ಪೆನ್ಸಿಲ್‌ನಿಂದ ಹಳಿ ಬರೆದು, ಕಪಾಟಿನ ಮೇಲೆ ಹಾಸಿ. ಪಾಯಿಂಟ್ಸ್ ಪೂರ್ತಿ ತೆರೆಯೋಕೆ ಬೆರಳು ಹೋಗುತ್ತಾ, ಹಿಂದಿನ ಸೈಡಿಂಗ್‌ನ ಕೊಂಡಿ ಬಿಡಿಸೋಕೆ ಕೈ ಎಟುಕುತ್ತಾ ನೋಡಿ. ಆಮೇಲೆ ರಟ್ಟಿನಲ್ಲಿ 11.5 ಸೆಂಟಿಮೀಟರ್‌ನ ಎಂಟು ತುಂಡು, 12ರ ಒಂದು ತುಂಡು ಕತ್ತರಿಸಿ, ಒಂದರಿಂದ ಎಂಟು ಸಂಖ್ಯೆ ಬರೆದು, ಒಂದು ವಾರ ಬರೀ ರಟ್ಟಿನಲ್ಲೇ ಆಡಿ. ಐದು ವ್ಯಾಗನ್ ಒಂದು, ಎರಡು, ಮೂರು, ನಾಲ್ಕು, ಐದು ಅಂತ ಉದ್ದ ಸೈಡಿಂಗ್‌ನಲ್ಲಿ, ಉಳಿದ ಮೂರು ಪಕ್ಕದ್ದರಲ್ಲಿ ಇಟ್ಟು ಶುರು ಮಾಡಿ. ಐದು, ನಾಲ್ಕು, ಮೂರು, ಎರಡು, ಒಂದು ಅಂತ ತಿರುಗಿಸಿ ನಿಲ್ಲಿಸೋಕೆ ಇಂಜಿನ್ ಎಷ್ಟು ಸಲ ದಿಕ್ಕು ಬದಲಿಸಬೇಕಾಯ್ತು ಅಂತ ಎಣಿಸಿ ನಮಗೆ ಬರೆಯಿರಿ. ನಮ್ಮ ಎಣಿಕೆಯನ್ನ ಮುಂದಿನ ಕಂತಿನಲ್ಲಿ ಹೇಳ್ತೀವಿ.