ನಷ್ಟ ಎಷ್ಟು ಎಂಬುದು ಕೊನೆಯ ಪ್ರಶ್ನೆ

ಗೋದಾಮಿಗೆ ಬೆಂಕಿ ಬಿದ್ದಾಗ, ಕಾರು ಗುದ್ದಿಸಿಕೊಂಡಾಗ ವಿಮಾ ಕಂಪನಿಯ ಪರವಾಗಿ ಸ್ಥಳಕ್ಕೆ ಬಂದು ವರದಿ ಬರೆಯುವವರನ್ನು ಜನ ಸರ್ವೇಯರ್ ಎನ್ನುತ್ತಾರೆ. ಇವರು ಕಂಪನಿಯ ನೌಕರರಲ್ಲ, ಸ್ವತಂತ್ರ ವೃತ್ತಿಯವರು. 1938ರ ವಿಮಾ ಕಾಯ್ದೆಯ 64ಯುಎಂ ಕಲಮಿನಡಿ ಇವರಿಗೆ ಪರವಾನಗಿ ಸಿಗುತ್ತದೆ. ವಾಹನದ ಕ್ಲೇಮು 50 ಸಾವಿರ ರೂಪಾಯಿ ಅಥವಾ ಇತರೆ ಸಾಮಾನ್ಯ ವಿಮೆಯ ಕ್ಲೇಮು 1 ಲಕ್ಷ ಮುಟ್ಟಿದರೆ ಇವರ ವರದಿ ಬೇಕೇಬೇಕು. ತುಮಕೂರಿನ ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಗಳಲ್ಲಿ ಕಾರ್ಖಾನೆಗಳಿವೆ. ಗುಬ್ಬಿಯಲ್ಲಿ ತೆಂಗು ಅಡಿಕೆಯ ವಹಿವಾಟಿದೆ, ಕುಣಿಗಲ್ಲನ್ನು ಹಾದು ಬೆಂಗಳೂರು–ಮಂಗಳೂರು ಹೆದ್ದಾರಿ ಹೋಗುತ್ತದೆ. ಇಂಥ ಕಡೆ ಈ ವೃತ್ತಿಗೆ ಕೆಲಸದ ಕೊರತೆಯಿಲ್ಲ. ಆದರೆ ಇದಕ್ಕೆ ಬರಬೇಕೆನ್ನುವ ಬಹುತೇಕರು ಮೊದಲು ಕಲಿಯಲು ಕೂರುವುದು ಸವಕಳಿಯ ಕೋಷ್ಟಕವನ್ನು, ಲೆಕ್ಕದ ಸೂತ್ರವನ್ನು. ಇದು ತಲೆಕೆಳಗಾದ ಕ್ರಮ. ಪಾಲಿಸಿ ಏನು ಹೇಳುತ್ತದೆ, ನಷ್ಟಕ್ಕೆ ಕಾರಣವೇನು, ಹೊಣೆ ಯಾರದು ಎಂಬುದು ಇತ್ಯರ್ಥವಾಗದೆ ಎಷ್ಟು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ.

ಹಾಗಾಗಿ ಮೊದಲ ಹೆಜ್ಜೆ ಪಾಲಿಸಿಯನ್ನು ಸಾಲು ಬಿಡದೆ ಓದುವುದು. ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಗೋದಾಮು ಸುಟ್ಟಿದೆ ಎಂದಿಟ್ಟುಕೊಳ್ಳಿ. ಪಾಲಿಸಿಯಲ್ಲಿರುವ ವಿಳಾಸ ಸುಟ್ಟ ಗೋದಾಮಿನದೋ, ಪಕ್ಕದ ಬಾಡಿಗೆ ಮಳಿಗೆಯದೋ? ವಿಮೆ ಮಾಡಿಸಿದ್ದು ಕಟ್ಟಡಕ್ಕೋ, ದಾಸ್ತಾನಿಗೋ, ಎರಡಕ್ಕೂ ಸೇರಿಸಿಯೋ? ದಾಸ್ತಾನು ಅವರ ಸ್ವಂತದ್ದೋ, ರೈತರು ಇಟ್ಟುಹೋದದ್ದೋ? ಸ್ವಂತದ್ದಲ್ಲದ ಸರಕು ಸುಟ್ಟರೆ ಅದರಲ್ಲಿ ಇವರಿಗೆ ವಿಮಾ ಹಿತಾಸಕ್ತಿ ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ಬ್ಯಾಂಕಿನ ಸಾಲವಿದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಷರತ್ತು ಇರುತ್ತದೆ, ಹಣ ಮೊದಲು ಅಲ್ಲಿಗೇ ಹೋಗುತ್ತದೆ. ಇಷ್ಟನ್ನೂ ಸ್ಥಳಕ್ಕೆ ಹೊರಡುವ ಮೊದಲೇ ಗುರುತು ಹಾಕಿಕೊಳ್ಳಬೇಕು. ಹೋದ ಮೇಲೆ ನೋಡೋಣ ಎಂದವರು ಬೇಡದ್ದರ ಫೋಟೊ ತೆಗೆದು ಬೇಕಾದ್ದನ್ನು ಬಿಟ್ಟು ಬರುತ್ತಾರೆ.

ಎರಡನೆಯದು ಕಾರಣ. ನಷ್ಟಕ್ಕೆ ಹಲವು ಕಾರಣ ಸರಪಳಿಯಂತೆ ಕೂಡಿಕೊಂಡಿರಬಹುದು. ಅವುಗಳಲ್ಲಿ ನಿಜವಾಗಿ ನಷ್ಟ ತಂದದ್ದು ಯಾವುದು ಎಂದು ಹುಡುಕುವುದೇ ಸಮೀಪ ಕಾರಣದ ತತ್ವ. ಬೆಂಕಿ ನಂದಿಸಲು ಹೊಡೆದ ನೀರಿನಿಂದ ಕೊಬ್ಬರಿ ಹಾಳಾದರೆ ಅದೂ ಬೆಂಕಿಯದೇ ನಷ್ಟ. ಕಾವಲುಗಾರ ಗರಿ ಸುಡುವಾಗ ಕಿಡಿ ಹಾರಿತು ಎಂಬ ಒಂದೇ ಕಾರಣಕ್ಕೆ ಕ್ಲೇಮು ಬೀಳುವುದಿಲ್ಲ. ಅಜಾಗರೂಕತೆ ಬೇರೆ, ಬೇಕೆಂದೇ ಹಚ್ಚಿದ ಬೆಂಕಿ ಬೇರೆ. ಕೊಬ್ಬರಿಗೆ ಇನ್ನೊಂದು ಗುಣವಿದೆ: ತೇವ ಉಳಿದು ರಾಶಿಯಾಗಿ ಬಿದ್ದರೆ ಒಳಗೊಳಗೇ ಕಾವೇರುತ್ತದೆ. ಹಳೆಯ ಮಾದರಿಯ ಅಗ್ನಿ ವಿಮೆಯಲ್ಲಿ ತನ್ನಿಂದ ತಾನೇ ಹೊತ್ತಿಕೊಳ್ಳುವುದಕ್ಕೆ ಪ್ರತ್ಯೇಕ ರಕ್ಷಣೆ ಕೊಳ್ಳಬೇಕಿತ್ತು. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ಅದು ಸೇರಿದೆ. ಹೊತ್ತಿದ ಬಗೆ ಒಂದೇ, ಕೈಯಲ್ಲಿರುವ ಕಾಗದ ಬೇರೆಯಾದ್ದರಿಂದ ಉತ್ತರವೂ ಬೇರೆ.

ಇವೆರಡು ಮುಗಿದ ಮೇಲೆ ಮೊತ್ತಕ್ಕೆ ಬನ್ನಿ. ನಷ್ಟಕ್ಕೆ ಮುಂಚಿನ ಸ್ಥಿತಿಗೆ ಮರಳಿಸುವುದಷ್ಟೇ ವಿಮೆಯ ಕೆಲಸ, ಅದರಿಂದ ಲಾಭ ಮಾಡಿಕೊಳ್ಳುವಂತಿಲ್ಲ. ನಮ್ಮ ಕಡೆಯ ಉಂಡೆ ಕೊಬ್ಬರಿಯಲ್ಲಿ ಇದು ಸುಲಭದ ಮಾತಲ್ಲ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ನೀರು ಆರಿ, ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಸದ್ದು ಮಾಡುವ ಹೊತ್ತಿಗೆ ವರ್ಷ ಹತ್ತಿರವಾಗಿರುತ್ತದೆ. ಐದನೇ ತಿಂಗಳಲ್ಲಿ ಅಟ್ಟ ಸುಟ್ಟರೆ ಅಲ್ಲಿದ್ದದ್ದು ಕೊಬ್ಬರಿಯಲ್ಲ, ಕಾಯಿ. ಮಾಲೀಕರು ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರ ಕೇಳುತ್ತಾರೆ. ಸರ್ವೇಯರ್ ನೋಡಬೇಕಾದ್ದು ಆ ದಿನ ಆ ಸ್ಥಿತಿಯ ಸರಕಿಗಿದ್ದ ಬೆಲೆಯನ್ನು. ಹೊಗೆ ಹಿಡಿದು ಬಣ್ಣ ಕೆಟ್ಟ ಕೊಬ್ಬರಿ ಪೂರ್ತಿ ನಷ್ಟವೂ ಅಲ್ಲ. ಎಣ್ಣೆ ಮಿಲ್ಲಿಗೆ ಹೋದರೆ ಬರುವ ಬೆಲೆಯನ್ನು ಉಳಿಕೆ ಮೌಲ್ಯವಾಗಿ ಕಳೆಯಬೇಕು. ಆಮೇಲೆ ಕಡಿಮೆ ವಿಮೆಯ ಲೆಕ್ಕ. ಗೋದಾಮಿನಲ್ಲಿ 10 ಲಕ್ಷದ ದಾಸ್ತಾನಿದ್ದು, ವಿಮೆ 6 ಲಕ್ಷಕ್ಕೆ ಮಾತ್ರ ಇದ್ದು, 2 ಲಕ್ಷದ ಸರಕು ಸುಟ್ಟರೆ ಸಿಗುವುದು ಹತ್ತರಲ್ಲಿ ಆರು ಪಾಲು, ಅಂದರೆ 1.20 ಲಕ್ಷ. ಮೇಲೆ ಹೇಳಿದ ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಕೊರತೆ ಶೇ 15ರೊಳಗಿದ್ದರೆ ಈ ಕಡಿತವಿಲ್ಲ. ಹಾಗಾಗಿ ಸುಟ್ಟದ್ದನ್ನು ಎಣಿಸಿದರೆ ಸಾಲದು, ಸುಡದೆ ಉಳಿದದ್ದನ್ನೂ ಎಣಿಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ವಾಹನದ ಲೆಕ್ಕ ಇದಕ್ಕಿಂತ ಸರಳ, ಬೇಗ ಕೈಗೆ ಹತ್ತುತ್ತದೆ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ, ಗಾಜಿಗೆ ಸವಕಳಿಯಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಮೇಲೆ, ಮೂರರಿಂದ ನಾಲ್ಕು ವರ್ಷದ್ದಾದರೆ ಶೇ 25. ಅಂಥ ಕಾರಿನ 8,000 ರೂಪಾಯಿಯ ಬಂಪರ್, 12,000ದ ಬಾಗಿಲು, 6,000ದ ಗಾಜು ಹೋಗಿದ್ದರೆ ಕ್ರಮವಾಗಿ 4,000, 9,000, 6,000 ಸೇರಿ 19,000. ಅದರಲ್ಲಿ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಮಾಲೀಕರು ಹೊರಬೇಕಾದ 1,000 ಕಳೆಯಿರಿ. ರಿಪೇರಿ ವೆಚ್ಚ ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯದ ಶೇ 75 ದಾಟಿದರೆ ಪೂರ್ತಿ ನಷ್ಟವೆಂದೇ ಪರಿಗಣನೆ.

ಆದರೆ ಅದೇ ಕಾರು ಕುಣಿಗಲ್ ಬಳಿ ಬೈಕ್ ಸವಾರನಿಗೆ ಗುದ್ದಿದ್ದರೆ ಇನ್ನೊಂದು ಕಥೆ ಶುರುವಾಗುತ್ತದೆ. ಮಾಲೀಕರ ಕಾರಿನ ನಷ್ಟ ಅವರಿಗೂ ಕಂಪನಿಗೂ ನಡುವಿನ ಕರಾರು. ಸವಾರನ ಗಾಯ ಅಥವಾ ಸಾವಿನ ಪರಿಹಾರ ಕಾನೂನಿನ ಹೊಣೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ. ಪರಿಹಾರ ಹೇಳುವುದು ಸರ್ವೇಯರ್ ಅಲ್ಲ, ಮೋಟಾರು ಅಪಘಾತ ನ್ಯಾಯಮಂಡಳಿ. ದೀಪವಿಲ್ಲದೆ ರಸ್ತೆಯಂಚಿಗೆ ನಿಂತ ಟ್ರ್ಯಾಕ್ಟರಿಗೆ ಗುದ್ದಿದ ಪ್ರಕರಣದಲ್ಲಿ ತಪ್ಪು ಇಬ್ಬರಲ್ಲೂ ಹಂಚಿಹೋಗಬಹುದು. ಚಾಲಕನ ಬಳಿ ಸರಿಯಾದ ಲೈಸೆನ್ಸ್ ಇರಲಿಲ್ಲವೆಂದರೂ ಕಂಪನಿ ಮೊದಲು ಸಂತ್ರಸ್ತರಿಗೆ ಕೊಟ್ಟು, ನಂತರ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ನ್ಯಾಯಮಂಡಳಿ ಹೇಳಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ತೋರಿತು. ಲೈಸೆನ್ಸಿನ ವಿಷಯದಲ್ಲಿ ಹಳೆಯ ತಿಳಿವಳಿಕೆಯೂ ಅಪಾಯಕಾರಿ. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವು ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದಿತು. ಕಾಯಿ ಹೇರಿದ ಟಾಟಾ ಏಸ್ ಪಲ್ಟಿಯಾದರೆ ‘ಸಾರಿಗೆ ವಾಹನದ ಲೈಸೆನ್ಸ್ ಇಲ್ಲ’ ಎಂಬ ಒಂದೇ ಸಾಲು ಬರೆದು ಇನ್ನು ಕೈ ತೊಳೆದುಕೊಳ್ಳುವಂತಿಲ್ಲ.

ಶುಲ್ಕ ಕೊಡುವುದು ವಿಮಾ ಕಂಪನಿ, ಹಾಗಿರುವಾಗ ಸರ್ವೇಯರ್ ನಿಷ್ಪಕ್ಷಪಾತಿ ಹೇಗಾದಾನು ಎಂಬ ಆಕ್ಷೇಪ ಸಹಜ, ಅದನ್ನು ತಳ್ಳಿಹಾಕಲಾಗದು. ಆದರೆ ಕಾನೂನು ಎರಡೂ ಕಡೆ ಕಡಿವಾಣ ಇಟ್ಟಿದೆ. ತನಗೆ ಬೇಕಾದ ವರದಿ ಬರುವವರೆಗೂ ಕಂಪನಿ ಒಬ್ಬರ ಮೇಲೊಬ್ಬರಂತೆ ಸರ್ವೇಯರುಗಳನ್ನು ನೇಮಿಸುತ್ತಾ ಹೋಗುವಂತಿಲ್ಲ, ಮೊದಲ ವರದಿ ಒಪ್ಪದಿದ್ದರೆ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ 2009ರಲ್ಲಿ ಹೇಳಿದೆ. ಅದೇ ವರ್ಷ ಪ್ರದೀಪ್ ಕುಮಾರ್ ಪ್ರಕರಣದಲ್ಲಿ, ಸರ್ವೇ ವರದಿಯೇ ಅಂತಿಮವಲ್ಲ ಎಂದೂ ಹೇಳಿದೆ. ಗ್ರಾಹಕರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿಗೋ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೋ ಹೋದರೆ ಪರೀಕ್ಷೆಗೊಳಗಾಗುವುದು ವರದಿಯಲ್ಲಿ ಕೊಟ್ಟ ಕಾರಣಗಳು. ಕಾರಣ ಬರೆಯದೆ ಮೊತ್ತ ಮಾತ್ರ ಬರೆದ ವರದಿ ಅಲ್ಲಿ ನಿಲ್ಲುವುದು ಕಷ್ಟ.

ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಕಂಪ್ಯೂಟರೇ ಎಸ್ಟಿಮೇಟ್ ಹಾಕುವ ಕಾಲದಲ್ಲಿ ಈ ವೃತ್ತಿ ಉಳಿದೀತೇ ಎನ್ನುವವರೂ ಇದ್ದಾರೆ. ಬಂಪರ್ ಗೀರಿದಂಥ ಸಣ್ಣ ಕ್ಲೇಮುಗಳಲ್ಲಿ ಅವರ ಮಾತು ನಿಜ. ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ತೋಟಕ್ಕೆ ಯಾರೂ ಬರುವುದಿಲ್ಲ, ಮಳೆ ಮಾಪಕದ ಅಂಕಿಯೇ ಪರಿಹಾರ ನಿರ್ಧರಿಸುತ್ತದೆ. ಆದರೆ ಫೋಟೊ ಹೇಳುವುದು ಏನು ಮುರಿದಿದೆ ಎಂಬುದನ್ನು ಮಾತ್ರ. ಅಟ್ಟದ ಕಾಯಿಗೆ ಎಷ್ಟು ತಿಂಗಳಾಗಿತ್ತು, ಸರಕು ಯಾರದು ಎಂಬುದನ್ನು ದಾಸ್ತಾನು ಪುಸ್ತಕ, ಎಪಿಎಂಸಿ ರಸೀದಿ, ಅಕ್ಕಪಕ್ಕದವರ ಹೇಳಿಕೆ ಜೋಡಿಸಿಯೇ ತಿಳಿಯಬೇಕು.

ಇನ್ನು ದಾರಿ. ಎಂಜಿನಿಯರಿಂಗ್ ಪದವಿ, ಸಿ.ಎ. ಅಥವಾ ನಿಯಮದಲ್ಲಿ ಹೇಳಿರುವ ಇತರೆ ಅರ್ಹತೆ ಬೇಕು. ಹೈದರಾಬಾದಿನ ಸರ್ವೇಯರುಗಳ ಸಂಸ್ಥೆಯಲ್ಲಿ ವಿದ್ಯಾರ್ಥಿ ಸದಸ್ಯರಾಗಿ, ಅನುಭವಿ ಸರ್ವೇಯರ್ ಬಳಿ 12 ತಿಂಗಳು ತರಬೇತಿ ಪಡೆದು, ಮುಂಬೈಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಪರೀಕ್ಷೆ ಪಾಸಾಗಿ, ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಪರವಾನಗಿ ಮೂರು ವರ್ಷದ್ದು, ಆಮೇಲೆ ನವೀಕರಣ. ವಾಹನ ವಿಭಾಗ ಬೇಗ ಆದಾಯ ತರುತ್ತದೆಂದು ಹೆಚ್ಚಿನವರು ಅದನ್ನಷ್ಟೇ ಹಿಡಿಯುತ್ತಾರೆ. ತರಬೇತಿಯ ವರ್ಷದಲ್ಲಿ ಅಗ್ನಿ ವಿಮೆಯ ಕೆಲಸವೂ ಇರುವ ಸರ್ವೇಯರನ್ನು ಹುಡುಕಿಕೊಳ್ಳುವುದು ಉತ್ತಮ. ಅವರು ಬರೆದ ವರದಿಗಳಲ್ಲಿ ಮೊತ್ತದ ಪುಟಕ್ಕಿಂತ ಕಾರಣದ ಪುಟಗಳನ್ನು ಮೊದಲು ಓದಿ.