ಹೋಗುವ ಟಿಕೆಟ್ ಇದೆ, ಬರುವುದು?

ಗದ್ವಾಲ್ ಕಡೆಯಿಂದ ವೇಳಾಂಗಣಿ ಮಾತೆಗೆ ಹರಕೆ ಹೊತ್ತು ಹೊರಡುವವರೇ, ಒಂದು ಮಾತು. ಆಗಸ್ಟ್ 29ರಂದು ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಹಬ್ಬ. ಹೋಗುವ ಟಿಕೆಟ್ ಎಲ್ಲರೂ ಜೋಪಾನವಾಗಿ ಮಾಡಿಸುತ್ತೀರಿ. ಬರುವುದನ್ನು ಮಾತೆಯ ಮೇಲೆ ಬಿಡುತ್ತೀರಿ, ತಪ್ಪುವುದೇ ಅಲ್ಲಿ. ಹಬ್ಬ ಮುಗಿದ ರಾತ್ರಿ ಒಬ್ಬ ಅಜ್ಜಿ ಪ್ಲಾಟ್‌ಫಾರ್ಮ್ ಮೇಲೆ, ಕೈಯಲ್ಲಿ ಜಪಸರ, ಮಡಿಲಲ್ಲಿ ಮಲಗಿದ ಮೊಮ್ಮಗು, ರೈಲಿಗಾಗಿ ಬೆಳಗಿನ ತನಕ ಕೂತಿದ್ದನ್ನು ನೋಡಿದ್ದೇನೆ. ಈಗಲೂ ಕಣ್ಣಿಂದ ಹೋಗಿಲ್ಲ.

ರೈಲಿನಲ್ಲಿ ಸೀಟು ಕಾದಿರಿಸಲು 60 ದಿನ ಮೊದಲೇ ಅವಕಾಶ ಉಂಟು. ಸೆಪ್ಟೆಂಬರ್ 9ಕ್ಕೆ ಮರಳುವವರು ಜುಲೈ ಎರಡನೇ ವಾರದಲ್ಲೇ ಮಾಡಿಸಿಬಿಡಿ. ರೈಲು ನಾಗಪಟ್ಟಣದಿಂದ ನೋಡಿ, ಅಲ್ಲಿಂದ ವೇಳಾಂಗಣಿಗೆ ಬಸ್ಸು ಹತ್ತಿರ. ಮಕ್ಕಳ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರಿನ ಚೀಟಿ ಇಡಿ. ಆ ಜಂಗುಳಿಯಲ್ಲಿ ಕೈ ತಪ್ಪಲು ಒಂದು ಗಳಿಗೆ ಸಾಕು.

ವೇಳಾಂಗಣಿಯ ಕಡಲಿನ ಮಾತೂ ಹೇಳಲೇಬೇಕು. ನಾವು ಕೃಷ್ಣಾ–ತುಂಗಭದ್ರೆಯ ನಡುವಿನ ಜನ, ಹೊಳೆ ಗೊತ್ತು. ಕಡಲು ಹಾಗಲ್ಲ, ಮೊಣಕಾಲು ನೀರಲ್ಲಿ ನಿಂತವರನ್ನೂ ಅಲೆ ಒಳಗೆಳೆಯುತ್ತದೆ. ದಡದಲ್ಲೇ ಕಾಲು ತೊಳೆದು ಬನ್ನಿ.

ಮನೆಯಲ್ಲಿ ತೀರಾ ಹಿರಿಯರಿದ್ದರೆ ಹಬ್ಬದ ದಿನವೇ ಆಗಬೇಕೆಂಬ ಹಟ ಬೇಡ. ಅಕ್ಟೋಬರಿನಲ್ಲಿ ಹೋಗಿ, ಮಾತೆಯ ಮುಂದೆ ಯಾರೂ ನೂಕದೆ ಅವರು ನೆಮ್ಮದಿಯಾಗಿ ಮೊಣಕಾಲೂರಬಹುದು.