ಜೀಪು ಬಿಚ್ಚುವ ಮೊದಲು ಆರ್‌ಸಿ ಬಿಚ್ಚಿ

ಗೋವಿನಕೋವಿಯ ನಮ್ಮ ಅಕ್ಕನ ಮನೆಯ ಕಣದಲ್ಲಿ ಕಳೆದ ಬೇಸಿಗೆ ಒಂದು ಹಳೇ ಮಹೀಂದ್ರಾ ಜೀಪು ಬಂದು ನಿಂತಿತು. ಕೆಎ-14 ನಂಬರು, ಹರಿದ ಟಾಪು, ಆದರೆ ಹಸಿ ಗದ್ದೆಯಲ್ಲೂ ಹೂತುಕೊಳ್ಳದ ಫೋರ್‌ವೀಲ್ ಗಾಡಿ. ಅಳಿಯ ಗೆಳೆಯರ ಜತೆ ಆಫ್‌ರೋಡ್ ಕ್ಲಬ್ ಸೇರಿದ್ದ. ಅಡ್ವಾನ್ಸ್ ಕೊಟ್ಟು ಗಾಡಿ ತಂದಿದ್ದ, ಉಳಿದ ಹಣ ಇನ್ನೂ ಕೊಟ್ಟಿರಲಿಲ್ಲ. ಗ್ಯಾರೇಜಿನಲ್ಲಿ ಬರೆಸಿಕೊಂಡು ಬಂದ ಪಟ್ಟಿ ನನ್ನ ಕೈಗಿಟ್ಟ: ಗಾಡಿ ಎತ್ತರಿಸುವ ಕಿಟ್, ದೊಡ್ಡ ಟೈರು, ಮುಂದೆ ಕಬ್ಬಿಣದ ಬಂಪರು, ವಿಂಚು, ಮೇಲೆ ಎಲ್‌ಇಡಿ ಲೈಟಿನ ಸಾಲು. "ಎರಡು ವಾರದ ಕೆಲಸ ಅಷ್ಟೇ ಮಾಮ" ಅಂದ. ನಾನು ಮೊದಲು ಆರ್‌ಸಿ ಕೇಳಿದೆ.

ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಚಾಸಿಯ ಮೇಲಿನ ಮಣ್ಣು, ಗ್ರೀಸು ಒರೆಸಿದೆವು. ತೆಳು ಹಾಳೆ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದಂತೆ ಅಂಕಿಗಳು ಒಂದೊಂದಾಗಿ ಮೂಡಿ ಬಂದವು. ಚಾಸಿ ನಂಬರು ಸರಿಯಿತ್ತು. ಎಂಜಿನ್ ನಂಬರು ಆರ್‌ಸಿಯಲ್ಲಿದ್ದ ನಂಬರಿಗೆ ಹೊಂದಲಿಲ್ಲ. ಹಿಂದೆ ಯಾರೋ ಎಂಜಿನ್ ಬದಲಿಸಿ ಆರ್‌ಟಿಓಗೆ ತಿಳಿಸದೆ ಬಿಟ್ಟಿದ್ದರು. ಪಟ್ಟಿ ಪಕ್ಕಕ್ಕಿಟ್ಟು ಆ ಸಂಜೆಯೆಲ್ಲ ಕಾನೂನಿನ ಮಾತೇ ಆಡಿದೆವು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಹುಡುಗರು ಈಗ ಇಂಥ ಹಳೇ ಗಾಡಿಗಳನ್ನು ಹುಡುಕಿ ಕೊಳ್ಳುತ್ತಿರುವುದರಿಂದ ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಭಾಗದ ಹಳೇ ಗಾಡಿಗಳಿಗೆ ಕೆಎ-14 ಯಾಕೆ ಎಂದು ಕೆಲವರು ಗಾಬರಿಯಾಗುತ್ತಾರೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಗುವವರೆಗೆ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನಂಬರು ಹಳೆಯದೆಂಬುದು ತಪ್ಪಲ್ಲ. ಆದರೆ ಕೊಂಡವರು ಫಾರಂ 29, 30 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ವಿಳಾಸವೂ ಸರಿಯಾಗಬೇಕು. ಇದಕ್ಕೆ ಮೋಟಾರು ವಾಹನ ಕಾಯ್ದೆ ಕೊಡುವ ಅವಧಿ 30 ದಿನ. ಮಾರಿದವರೂ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ತಿಳಿಸಬೇಕು. ತಿಳಿಸದಿದ್ದರೆ ನಾಳೆ ಅಪಘಾತವಾದಾಗ ನೋಟಿಸು ಹಳೇ ಯಜಮಾನರ ಮನೆಗೇ ಹೋಗುತ್ತದೆ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಹಾಕಿ, ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಲಘು ವಾಹನದ ನವೀಕರಣ ಶುಲ್ಕವನ್ನು 2025ರ ಆಗಸ್ಟ್ ತಿದ್ದುಪಡಿ 10,000 ರೂಪಾಯಿಗೆ ಏರಿಸಿದೆ. ಗಾಡಿಯ ಬೆಲೆ ಮಾತಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ದಿಲ್ಲಿಯಲ್ಲಿ ಕೇಳಿಬಂದಂಥ, ವಯಸ್ಸು ನೋಡಿ ಗಾಡಿ ನಿಲ್ಲಿಸುವ ನಿರ್ಬಂಧ ನಮ್ಮಲ್ಲಿಲ್ಲ. ತಪಾಸಣೆಯಲ್ಲಿ ಪಾಸಾದರೆ ಮೂವತ್ತು ವರ್ಷದ ಜೀಪಿಗೂ ರಸ್ತೆಗಿಳಿಯುವ ಹಕ್ಕಿದೆ.

"ನಾನು ರೋಡಿಗೇ ತರಲ್ಲ, ತೋಟದಲ್ಲಿ ಮಾತ್ರ ಓಡಿಸ್ತೀನಿ" ಎನ್ನುವವರು ಮೋಟಾರು ವಾಹನ ಕಾಯ್ದೆ 1988ರ 39ನೇ ಸೆಕ್ಷನ್ ಓದಬೇಕು. ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ "ಇತರ ಯಾವುದೇ ಸ್ಥಳದಲ್ಲಾಗಲಿ" ಓಡಿಸಬಾರದು ಎಂದೇ ಅದು ಹೇಳುತ್ತದೆ. ನಷ್ಟ ದಂಡದ ಹಣಕ್ಕೇ ನಿಲ್ಲುವುದಿಲ್ಲ. ಸುಶೀಲ್ ಕುಮಾರ್ ಗೋದಾರಾ ಪ್ರಕರಣದಲ್ಲಿ ಕಾರು ಕಳುವಾಗಿತ್ತು, ವಿಮೆಯೂ ಇತ್ತು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿತ್ತು ಎಂಬ ಕಾರಣಕ್ಕೆ 2021ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಸಿಗದು ಎಂದಿತು.

ಈಗ ಮಾರ್ಪಾಡಿನ ವಿಷಯ. ಕಾಯ್ದೆಯ 52ನೇ ಸೆಕ್ಷನ್ ಇಡೀ ಲೇಖನದ ಬೇರು. ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಯಜಮಾನ ವಾಹನವನ್ನು ಬದಲಿಸುವಂತಿಲ್ಲ. ಬದಲಾವಣೆ ಎಂದರೆ ವಾಹನದ ಮೂಲ ಲಕ್ಷಣವನ್ನೇ ಬೇರೆ ಮಾಡುವ ರಚನೆಯ ಬದಲಾವಣೆ ಎಂದು ಸೆಕ್ಷನ್‌ನ ಕೊನೆಯಲ್ಲಿ ವಿವರಣೆಯೂ ಇದೆ. ಕೇರಳದಿಂದ ಹೋದ ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿ ಓದಿತು: ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗುವ ಮಾರ್ಪಾಡಿಗೆ ಅವಕಾಶವಿಲ್ಲ. ಅದೇ ವರ್ಷದ ತಿದ್ದುಪಡಿ 182ಎ(4) ಉಪಸೆಕ್ಷನ್ ಸೇರಿಸಿತು. ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಪ್ರತಿಯೊಂದಕ್ಕೂ ಎಂಬ ಮಾತನ್ನು ಅಳಿಯನಿಗೆ ಎರಡು ಸಲ ಓದಿ ಹೇಳಿದೆ. ಅವನ ಪಟ್ಟಿಯಲ್ಲಿ ಐದು ಐಟಂ ಇದ್ದವು.

ಹಾಗಾದರೆ ಒಂದು ನಟ್ಟನ್ನೂ ಮುಟ್ಟಬಾರದೇ? ಹಾಗಲ್ಲ. ಆರ್‌ಸಿಯನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ನೋಡಿ. ಬಾಡಿಯ ಬಗೆ, ಇಂಧನ, ಸಿಲಿಂಡರು, ಸಿಸಿ, ವೀಲ್‌ಬೇಸು, ಸೀಟುಗಳ ಸಂಖ್ಯೆ, ಖಾಲಿ ತೂಕ, ಬಣ್ಣ ಎಲ್ಲ ಅಲ್ಲಿ ಬರೆದಿದೆ. ಟಾರ್ಪಾಲಿನ ಟಾಪು ತೆಗೆದು ತಗಡಿನ ಬಾಡಿ ಕೂರಿಸಿದರೆ ಬಾಡಿಯ ಬಗೆ ಬದಲಾಯಿತು. ಚಾಸಿ ಕತ್ತರಿಸಿದರೆ ವೀಲ್‌ಬೇಸು ಹೋಯಿತು. ಪೆಟ್ರೋಲ್ ಜಿಪ್ಸಿಗೆ ಗುಜರಿಯ ಡೀಸೆಲ್ ಎಂಜಿನ್ ಕೂರಿಸಿದರೆ ಇಂಧನ, ಸಿಸಿ, ಎಂಜಿನ್ ನಂಬರು ಮೂರೂ ಸುಳ್ಳಾದವು. ಇಂಧನ ಬದಲಿಸಲು ಕಾನೂನು ತೆರೆದಿಟ್ಟ ದಾರಿ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಮಾನ್ಯತೆ ಪಡೆದ ಪರಿವರ್ತನಾ ಕಿಟ್‌ಗಳದ್ದು. ಅದಕ್ಕೂ ನಮೂದು ಮಾಡಿಸಬೇಕು.

ಮುಂದಿನ ಕಬ್ಬಿಣದ ಗಾರ್ಡು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇಂಥ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ನ್ಯಾಮತಿ ಸಂತೆಯ ದಿನ ರಸ್ತೆ ದಾಟುವ ಮುದುಕಿಗೆ ಆ ಕಬ್ಬಿಣ ತಾಗಿದರೆ ಏನಾದೀತೆಂದು ಯೋಚಿಸಿದವರು ಅದನ್ನು ಹಾಕಿಸಲಾರರು. ಲೈಟಿನ ಸಾಲೂ ಅಷ್ಟೇ. ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ವಿಶೇಷ ಅನುಮತಿಯಿಲ್ಲದೆ ಮುಂದುಗಡೆ ಸ್ಪಾಟ್‌ಲೈಟು, ಸರ್ಚ್‌ಲೈಟು ಹಾಕುವುದನ್ನು ನಿಷೇಧಿಸುತ್ತದೆ.

ಉಳಿದದ್ದರಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಸವೆದ ಬುಷ್ಷು, ಪಟ್ಟಿ ಬದಲಿಸಿ, ಬ್ರೇಕು ಹೊಸದು ಮಾಡಿಸಿ, ಸ್ಟೇರಿಂಗಿನ ಆಟ ತೆಗೆಸಿ, ಆ ಮಾದರಿಗೆ ಕಂಪನಿಯೇ ಹೇಳಿದ ಅಳತೆಯಲ್ಲಿ ಕೆಸರಿಗೆ ಒಗ್ಗುವ ಹಲ್ಲಿನ ಟೈರು ಹಾಕಿಸಿ. ಎಳೆಯುವ ಪಟ್ಟಿ, ಡಿ-ಶ್ಯಾಕಲ್, ಕೈಯಿಂದ ಎಳೆಯುವ ವಿಂಚು, ಗಾಳಿ ತುಂಬುವ ಪಂಪು, ಬೆಂಕಿ ಆರಿಸುವ ಸಿಲಿಂಡರು ಗಾಡಿಯೊಳಗೆ ಇರಲಿ. ಕೆಸರಿನಿಂದ ಆಚೆ ಬರಲು ಎತ್ತರದ ಗಾಡಿಗಿಂತ ಇವೇ ಹೆಚ್ಚು ಸಹಾಯ ಮಾಡುತ್ತವೆ. ಎತ್ತರಿಸುವ ಕಿಟ್ಟಿನ ಆಸೆ ಬಿಡದಿದ್ದರೆ ಹಣ ಕಟ್ಟುವ ಮೊದಲು ದಾವಣಗೆರೆ ಆರ್‌ಟಿಓಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. "ಏನೂ ಆಗಲ್ಲ, ಎಲ್ಲರೂ ಹಾಕಿಸ್ತಾರೆ" ಎಂಬ ಗ್ಯಾರೇಜಿನ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಗಾಡಿ ಹೈಯರ್ ಪರ್ಚೇಸ್ ಸಾಲದಲ್ಲಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು.

ವಿಮಾ ಕಂಪನಿಗೂ ತಿಳಿಸಿ. ಮೇಲಿಂದ ಹಾಕಿಸಿದ ಎಲೆಕ್ಟ್ರಿಕ್ ಸಾಮಾನಿಗೆ ಪ್ರತ್ಯೇಕ ಪ್ರೀಮಿಯಂ ಕಟ್ಟಿಲ್ಲದಿದ್ದರೆ ಅದಕ್ಕೆ ಪರಿಹಾರ ನಿರೀಕ್ಷಿಸಬೇಡಿ. ಸಂಘಟಿತ ರೇಸು, ವೇಗ ಪರೀಕ್ಷೆಯಂಥ ಬಳಕೆಯನ್ನು ಖಾಸಗಿ ಕಾರಿನ ಪಾಲಿಸಿ ಹೊರಗಿಡುತ್ತದೆ, ಆ ಪುಟ ಓದಿಯೇ ಕ್ಲಬ್ಬಿನ ಸ್ಪರ್ಧೆಗೆ ಹೆಸರು ಕೊಡಿ. ಕಂಪನಿ ಕ್ಲೇಮು ತಳ್ಳಿಹಾಕಿದ್ದು ಅನ್ಯಾಯ ಎನಿಸಿದರೆ ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ಹೋಗಬಹುದು.

ಇನ್ನು ಗಾಡಿ ಎಲ್ಲಿ ಓಡಿಸುವುದು? ಜಗಳೂರಿನ ರಂಗಯ್ಯನದುರ್ಗ ಕಲ್ಲುಗುಡ್ಡ, ಕುರುಚಲು ಕಾಡು ಕಂಡರೆ ಜೀಪಿನವರಿಗೆ ಕೈ ತುರಿಸುತ್ತದೆ. ಆದರೆ ಅದು 2011ರಲ್ಲಿ ಘೋಷಿತವಾದ ಕೊಂಡುಕುರಿ ವನ್ಯಧಾಮ. ನಾಲ್ಕು ಕೊಂಬಿನ ಆ ಪುಟ್ಟ, ನಾಚಿಕೆಯ ಪ್ರಾಣಿಗೆ ಉಳಿದಿರುವ ಜಾಗವೇ ಸ್ವಲ್ಪ. ನಮ್ಮ ಪಕ್ಕದ ಶೆಟ್ಟಿಹಳ್ಳಿ ವನ್ಯಧಾಮಕ್ಕೂ ಇದೇ ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27 ಮತ್ತು 28ನೇ ಸೆಕ್ಷನ್‌ಗಳಂತೆ ಪರವಾನಗಿಯಿಲ್ಲದೆ ಒಳಹೋಗುವಂತಿಲ್ಲ. ಹೋದರೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ ಆಗಬಹುದು, ಗಾಡಿಯೂ ಜಪ್ತಿಯಾದೀತು. ಕಾಯ್ದಿಟ್ಟ ಅರಣ್ಯಕ್ಕೆ ಕರ್ನಾಟಕ ಅರಣ್ಯ ಕಾಯ್ದೆ 1963 ಅನ್ವಯಿಸುತ್ತದೆ. ಖಾಸಗಿ ಜಮೀನಾದರೆ ರೈತರ ಒಪ್ಪಿಗೆಯನ್ನು ಸರ್ವೆ ನಂಬರು, ದಿನಾಂಕ ಸಮೇತ ಬರೆಸಿಕೊಳ್ಳಿ. ಕಾಲುವೆಯ ಏರಿ, ಬದು ಮುರಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ನಿನ ಕಿಡಿಗೇಡಿತನದ ಅಪರಾಧವಾಗಬಹುದು. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದ ರೇಸಿಗೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ.

ದಾರಿಯಲ್ಲಿ ತಡೆದರೆ ಹೆದರಬೇಕಿಲ್ಲ, ವಾದಕ್ಕೂ ಇಳಿಯಬೇಕಿಲ್ಲ. ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿರುವ ದಾಖಲೆ 139ನೇ ನಿಯಮದಂತೆ ನಡೆಯುತ್ತದೆ. ಯಾವ ಸೆಕ್ಷನ್, ಯಾವ ಬದಲಾವಣೆ ಎಂದು ಕೇಳಿ, ಕಟ್ಟಿದ ಹಣಕ್ಕೆ ರಸೀದಿ ಪಡೆಯಿರಿ. 207ನೇ ಸೆಕ್ಷನ್ ಅಡಿ ಗಾಡಿ ಹಿಡಿದಿಟ್ಟರೆ ದಾಖಲೆಗಳೊಂದಿಗೆ ಬಿಡುಗಡೆಗೆ ಅರ್ಜಿ ಹಾಕುವ ಹಕ್ಕು ಅದೇ ಸೆಕ್ಷನ್ನಿನಲ್ಲಿದೆ. ಮಾರ್ಪಾಡು, ನವೀಕರಣ, ವರ್ಗಾವಣೆಯ ಅರ್ಜಿ ತಿರಸ್ಕಾರವಾದರೆ ಆದೇಶ ಕೈಸೇರಿದ 30 ದಿನದೊಳಗೆ 57ನೇ ಸೆಕ್ಷನ್ನಿನಂತೆ ಮೇಲ್ಮನವಿ ಹೋಗಬಹುದು, ಆದ್ದರಿಂದ ಬಾಯಿಮಾತಿನ "ಆಗಲ್ಲ" ಕೇಳಿ ಮನೆಗೆ ಬರಬೇಡಿ, ಲಿಖಿತ ಆದೇಶ ಕೇಳಿ. ವಕೀಲರ ಶುಲ್ಕ ಕೈಗೆಟುಕದವರು ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಬಹುದು.

ಅಳಿಯನ ಜೀಪಿನ ಕತೆಗೆ ಬರುತ್ತೇನೆ. ಎಂಜಿನ್ ಬದಲಾದ 14 ದಿನದೊಳಗೆ ವರದಿ ಮಾಡಬೇಕಿದ್ದದ್ದು ಆಗಿನ ಯಜಮಾನ. ಹಾಗಾಗಿ ಉಳಿದ ಹಣ ತಡೆಹಿಡಿದು, ಎಂಜಿನ್ ಕೊಂಡ ಬಿಲ್ಲು ತನ್ನಿ, ನಿಮ್ಮ ಹೆಸರಲ್ಲಿದ್ದಾಗಲೇ ನಮೂದು ಮಾಡಿಸಿ ಎಂದು ಮಾರಿದವರಿಗೆ ಬರೆದುಕೊಟ್ಟೆವು. ಬಿಲ್ಲು ಸಿಗದಿದ್ದರೆ ಅಡ್ವಾನ್ಸ್ ವಾಪಸು ಪಡೆದು ಗಾಡಿ ಬಿಟ್ಟುಬಿಡು ಎಂದೂ ಅವನಿಗೆ ಹೇಳಿದ್ದೆ, ಮೂಲ ಗೊತ್ತಿಲ್ಲದ ಎಂಜಿನ್ ಕಳವಿನ ಮಾಲಾಗಿರಬಹುದು. ಪುಣ್ಯಕ್ಕೆ ಅವರು ಟ್ರಂಕಿನ ತಳದಿಂದ ಹಳದಿಗಟ್ಟಿದ ಬಿಲ್ಲು ಹುಡುಕಿ ತಂದರು. ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್. ದಾವಣಗೆರೆಯಲ್ಲಿ ತಪಾಸಣೆಯ ದಿನ ಅಳಿಯನೇ ಗಾಡಿಯಡಿ ಮಲಗಿ ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟು ತೆಗೆದ. ಗ್ಯಾರೇಜಿನ ಪಟ್ಟಿಯಲ್ಲಿ ಈಗ ಟೈರು ಮತ್ತು ಬ್ರೇಕು ಮಾತ್ರ ಇವೆ.